ಹೊಳೆದಂಡೆಯ ದೀಪದ ಗೋಪುರ

ಹರಿಹರದ ಹಳೇ ದೋಣಿಕಟ್ಟೆಯಲ್ಲಿ, ದೋಣಿಗಳಿಗೆ ದಡ ತೋರಿಸಲು ಕಟ್ಟಿದ ಮರದ ದೀಪದ ಗೋಪುರವೊಂದಿದೆ. ಹೋದ ಬೇಸಿಗೆಯಲ್ಲಿ ಅದರ ರಿಪೇರಿಗೆಂದು ಬಡಗಿಗಳಾದ ನಾನು, ನನ್ನಣ್ಣ ಹಿದಾಯತ್ ದಾವಣಗೆರೆಯಿಂದ ಹೋಗಿದ್ದೆವು. ಅಣ್ಣ ಕೆಳಗೆ ಏಣಿ ಹಿಡಿದ, ನಾನು ಹತ್ತಿದೆ. ಸುಡು ಮಧ್ಯಾಹ್ನದಲ್ಲೂ ಮರ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು.

ಬತ್ತಿದ ಹೊಳೆಯ ಕಡೆಯಿಂದ ಹೆಂಗಸೊಬ್ಬಳು ಕೂಗಿದಳು: "ದೀಪ ಹಚ್ರೀ! ದಡ ಕಾಣ್ತಿಲ್ಲ!"

ಮರಳಿನ ಮೇಲೆ ಯಾರೂ ಇರಲಿಲ್ಲ. ಕೂಗು ಹತ್ತಿರವಾಯಿತು, ಜೊತೆಗೆ ಮಗುವಿನ ಅಳು. ತಡೆಯಲಾರದೆ ಕಡ್ಡಿ ಗೀರಿ ದೀಪದ ಗಾಜಿನೊಳಗೆ ಹಿಡಿದೆ. ಎಲ್ಲ ಸದ್ದೂ ಒಮ್ಮೆಲೇ ನಿಂತಿತು.

ಇಳಿದು ಬಂದೆ. ಆದರೂ ಅಣ್ಣ ಏಣಿ ಬಿಡಲಿಲ್ಲ.

"ಬಾ ಭಾಯ್, ಹೋಗಾನ," ಎಂದೆ.

ಅವನು ಮೇಲೆಯೇ ನೋಡುತ್ತ, "ತಡಿಯೋ ಅಸದ್, ನಿನ್ನ ಹಿಂದೆ ಇನ್ನೂ ಮಂದಿ ಇಳೀತಾ ಅದಾರೆ," ಎಂದ.

ಕತ್ತಲಾಗುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.