ಹೆವೆಲಳ ಗಡಿಗೆ

"ಒಡಿಯೇ ಅದನ್ನ. ಸತ್ತೋಳ ಗಡಿಗೆ ಸತ್ತೋಳ ಜೊತೆಗೇ ಹೋಗ್ಬೇಕು," ಎಂದಳು ಅತ್ತೆ. ಚಿತೆಯ ಹೊಗೆಗೆ ಅವಳ ಮಂಜುಗಣ್ಣುಗಳು ಕೆಂಪಗಾಗಿದ್ದವು. "ಒಡೆಯೋವಾಗ ಒಳಗೆ ಏನಿರುತ್ತೋ ಅದೂ ಅವಳದ್ದೇ. ಒಡೀದೆ ಇಟ್ಕೊಂಡ್ರೆ ಅವಳು ಮನೆ ಬಿಟ್ಟು ಹೋಗೋಲ್ಲ."

"ಹೌದು ಬಿಡಿ ಅತ್ತೆ, ಮಣ್ಣಿಗೂ ಕಾಲು ಬಂದಿದೆ," ಎಂದು ನಕ್ಕಳು ಸಿಯಾಲ್.

ಹೇಳಿದ್ದನ್ನು ಕೇಳುವ ಜಾತಿಯೇ ಅವಳು? ನದಿಯ ಕೆಳಗಿನ ಊರಿನಿಂದ ಎರಡನೆಯ ಹೆಂಡತಿಯಾಗಿ ಬಂದವಳು. ಈಗ ಚಿತೆಯಲ್ಲಿ ಉರಿಯುತ್ತಿದ್ದ ಹಿರಿಯ ಹೆಂಡತಿ ಹೆವೆಲಳಿಗೆ ಮಕ್ಕಳಾಗಿರಲಿಲ್ಲ. ಸಿಯಾಲ್ ಗಂಡು ಕೂಸು ಹೆತ್ತಳು, ಹೆತ್ತು ಸವತಿಯ ಮುಖದೆದುರೇ ಆಡಿಸಿ ನಕ್ಕಳು. ಆದರೆ ಗಡಿಗೆಯ ವಿಷಯದಲ್ಲಿ ಹೆವೆಲಳ ಕೈ ಎಂದರೆ ಕೈ. ಬೂದು ಮಣ್ಣಿನ ಮೈಮೇಲೆ ಕೆಂಪು ಬಣ್ಣದಲ್ಲಿ ಕೈಕೈ ಹಿಡಿದ ಪುಟ್ಟ ಮನುಷ್ಯರ ಸಾಲನ್ನು ಅವಳು ಎಳೆದರೆ, ಒಂದು ಗೆರೆಯೂ ನಡುಗುತ್ತಿರಲಿಲ್ಲ. ಆ ಸಾಲನ್ನು ನೋಡಿ ನೋಡಿ ಕಲಿಯಬೇಕು, ಊರಿಗೆಲ್ಲ ತಾನೇ ದೊಡ್ಡವಳಾಗಬೇಕು ಎಂಬ ಆಸೆ ಸಿಯಾಲ್‌ಗೆ. ಹೊಗೆಯ ಮರೆಯಲ್ಲಿ ಹೆವೆಲಳ ಗಡಿಗೆಯ ಬದಲು ತನ್ನದೇ ಒಂದು ಸೊಟ್ಟ ಗಡಿಗೆಯನ್ನು ಕಲ್ಲಿಗೆ ಕುಕ್ಕಿದಳು. ಒಡೆದ ಸದ್ದು ಕೇಳಿ ಅತ್ತೆ ಸಮಾಧಾನಪಟ್ಟಳು. ಎಂಥ ಕೊಬ್ಬು ನೋಡಿ.

ಗಂಡ ಕಪ್ಪೆಚಿಪ್ಪು ತರಲು ಕಡಲಿನ ಕಡೆ ಹೊರಟುಹೋದ. ಮನೆಯ ಮೂಲೆಯಲ್ಲಿ ಚಾಪೆಯಡಿ ಬಚ್ಚಿಟ್ಟ ಗಡಿಗೆಯಿಂದ ಸುಟ್ಟ ಕೂದಲಿನ ವಾಸನೆ ಬರತೊಡಗಿತು. ತೊಳೆದರೂ ಹೋಗಲಿಲ್ಲ. ಕೂಸು ಮೊಲೆ ಬಿಟ್ಟು ಅತ್ತಲೇ ತಿರುಗಿ ನಗುತ್ತಿತ್ತು. ಯಾರೋ ಆಡಿಸುತ್ತಿದ್ದಾರೆ ಎಂಬಂತೆ ಕೈ ಚಾಚುತ್ತಿತ್ತು. ಸಿಯಾಲ್‌ಗೆ ಮೊದಲ ಸಲ ಹೆದರಿಕೆ ಆಯಿತು.

ಒಂದು ಮಧ್ಯಾಹ್ನ ಮರಳುಗಾಡಿನ ಕಡೆಯಿಂದ ಧೂಳು ಗೋಡೆಯಾಗಿ ಎದ್ದು ಬಂತು. ಹಗಲೇ ಕತ್ತಲಾಯಿತು. ಬಾಗಿಲ ಚಾಪೆ ಪಟಪಟ ಬಡಿಯಿತು. ಬಾಯಿ ತುಂಬ ಮಣ್ಣಿನ ರುಚಿ. ಸಿಯಾಲ್ ಕೂಸನ್ನು ಎದೆಗೆ ಅವುಚಿಕೊಂಡಳು.

ಕೂಸು ಅತ್ತಿತು. ಆದರೆ ಎದೆಯ ಬಳಿ ಅಲ್ಲ. ಮೂಲೆಯಲ್ಲಿ. ಗಡಿಗೆಯ ಒಳಗೆ.

ತಡಕಿದಳು. ಮಡಿಲಲ್ಲಿ ಮೈ ಇತ್ತು. ಬೆಚ್ಚಗಿತ್ತು. ಉಸಿರಿರಲಿಲ್ಲ.

"ನನಗೆ ಮಗು ಇಲ್ಲಾಂತ ನಕ್ಕೆಯಲ್ಲ," ಎಂದಿತು ಗಡಿಗೆಯ ಬಾಯಿ, ಹೆವೆಲಳ ದನಿಯಲ್ಲಿ. "ಈಗ ನನ್ನ ಹತ್ರಾನೂ ಒಂದಿದೆ."

"ಅಕ್ಕಾ, ತಪ್ಪಾಯ್ತು. ಕೊಟ್ಬಿಡು."

ಒಳಗೆ ಅಳು ಜೋರಾಯಿತು. ಸಿಯಾಲ್ ಗಡಿಗೆಯೊಳಗೆ ಕೈ ಹಾಕಿದಳು. ಬೂದಿ. ಬರೀ ಬೂದಿ. ಮೊಣಕೈವರೆಗೂ ಬೂದಿ.

ಚಾಪೆ ಸರಿಯಿತು. ಅಳು ಕೇಳಿ ಅತ್ತೆ ಧೂಳಿನಲ್ಲೇ ತಡವರಿಸಿಕೊಂಡು ಬಂದಿದ್ದಳು. ಅವಳ ಬೆರಳುಗಳು ಗಡಿಗೆಯ ನುಣುಪು ಮೈಯನ್ನು ಸವರಿ ಥಟ್ಟನೆ ನಿಂತವು. "ಇದು ಹೆವೆಲಳದ್ದು. ನೀನು ಒಡೆದೇ ಇಲ್ಲ. ಪಾಪ, ಅವಳು ಒಳಗೆ ಕೂತು ಅಳ್ತಿದ್ದಾಳೆ." ಅವಳು ಜೋಳ ಅರೆಯುವ ಗುಂಡುಕಲ್ಲನ್ನು ಎತ್ತಿಕೊಂಡಳು.

"ಒಡೀಬೇಡಿ ಅತ್ತೆ. ಅದು ಅವಳಲ್ಲ, ನನ್ನ ಕೂಸು. ನಿಮ್ಮ ಕಾಲು ಹಿಡೀತೀನಿ, ಒಡೀಬೇಡಿ."

"ಸುಮ್ನಿರು. ನಿನ್ನ ಕೂಸಿಗೋಸ್ಕರಾನೇ ಮಾಡ್ತಿರೋದು."

ಕಲ್ಲು ಬಿತ್ತು. ಅಳು ನಿಂತಿತು.

ಗಾಳಿಯೂ ಇಳಿಯಿತು. ಅತ್ತೆ ಬರಿ ಹೆಗಲಿನ ಧೂಳು ಕೊಡವಿಕೊಂಡು ನಿಟ್ಟುಸಿರು ಬಿಟ್ಟಳು. "ಹೋದಳು ಬಿಡು. ಇನ್ನು ನೆಮ್ಮದಿ. ಕೂಸನ್ನ ಇತ್ತ ಕೊಡು, ಪಾಪ, ಹೆದರಿರುತ್ತೆ," ಎಂದು ಕೈ ಚಾಚಿದಳು.