ಮತ್ತೆ ಬಂದ ಬ್ರೆಂಟ್

"ಇವತ್ತು ನನ್ನ ಕಣ್ಣೆದುರೇ ಕೂತ್ಕೊಳ್ಳಿ. ಏನೂ ಮುಟ್ಟಬೇಡಿ," ಅಂದ ಡೆಕ್ಲನ್.

"ಅಯ್ಯೋ, ನನ್ನನ್ನ ಕಳ್ಳಿ ಥರ ನೋಡ್ತೀರಲ್ಲ!" ಐಲಾ ಬೂಟಿಗೆ ಮೆತ್ತಿದ್ದ ಹಿಮ ಕೊಡವಿ, ಅವನ ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಎರಡೂ ಕೈ ಕೋಟಿನ ಜೇಬಿನೊಳಗೆ. ಎಂದಿನಂತೆ ಗುಲಾಬಿ ಸಕ್ಕರೆ ಬಳಿದ ಬನ್ನಿನ ಪೊಟ್ಟಣ ತಂದಿದ್ದಳು. ಆ ಬನ್ನಿನ ಮೇಲೂ ಡೆಕ್ಲನ್‌ಗೆ ಅನುಮಾನ.

ಥಂಡರ್ ಬೇ ಊರಿನ ಅರ್ಧದಷ್ಟು ಐಸ್-ಹಾಕಿ ಆಟದ ತಂಡಗಳ ಜರ್ಸಿಗೆ ಲಾಂಛನ ಹೊಲಿಯುವವಳು ಇವಳೇ. ಅವಳ ಲ್ಯಾಪ್‌ಟಾಪಿನಲ್ಲಿದ್ದ ಕಸೂತಿ ಸಾಫ್ಟ್‌ವೇರ್ ಕೆಟ್ಟಿತ್ತು. ಡೆಕ್ಲನ್ ಅದನ್ನು ತೆಗೆದು, ಮೂಲೆಮೂಲೆಯಲ್ಲಿ ಅವಿತಿದ್ದ ಹಳೇ ಫೈಲುಗಳನ್ನೆಲ್ಲ ಕೆದಕಿ ಅಳಿಸಿ, ಹೊಸದಾಗಿ ಹಾಕಿಕೊಟ್ಟಿದ್ದ. ಮನೆಗೆ ಹೋಗಿ ತೆರೆದರೆ, 'ಮರಳಿ ಸ್ವಾಗತ, ಬ್ರೆಂಟ್!' ಅಂತ ಹೇಳಿ ಬ್ರೆಂಟ್‌ನ ಪಾಸ್‌ವರ್ಡ್ ಕೇಳುತ್ತಿತ್ತಂತೆ. ಇನ್ನೊಮ್ಮೆ ಸರಿಮಾಡಿ ಕೊಟ್ಟ. ಮತ್ತೆ ಅದೇ ಬ್ರೆಂಟ್.

ಬ್ರೆಂಟ್ ಅಂದರೆ ಅವಳನ್ನು ಬಿಟ್ಟು ವಿನಿಪೆಗ್‌ಗೆ ಹೋದವನು. ಹೋಗಿದ್ದಾನೆ ಅಂತ ಅವಳು ಹೇಳುತ್ತಾಳೆ, ಅಷ್ಟೇ. ಹೋದವನ ಹೆಸರು ಅವಳ ಮನೆಯಲ್ಲೇ ಯಾಕೆ ಎದ್ದು ಕೂರುತ್ತದೆ? ರಾತ್ರಿ ಅವನೇ ಬಂದು ತೆರೀತಾನಾ? ಹಾಗಿದ್ದರೆ ಈ ನಗು, ಈ ಬನ್ನು, ಕತ್ತು ಓರೆಮಾಡಿ ನೋಡೋ ನೋಟ, ಎಲ್ಲ ನಾಟಕ. ಇವತ್ತು ಮುಖದ ಮೇಲೇ ಹೇಳಿ ಕಳಿಸಬೇಕು, ಇನ್ನು ಬರಬೇಡಿ ಅಂತ. ಆ ಮಾತು ನೆನೆದರೇ ಎದೆ ಹಿಂಡುತ್ತಿತ್ತು.

ಸಿಟ್ಟಿನಲ್ಲೇ ಕೀಲಿಗಳನ್ನು ಕುಟ್ಟಿದ. ತೆಗೆದ, ಅಳಿಸಿದ, ಮತ್ತೆ ಹಾಕಿದ. ಪರದೆ ಕೇಳಿತು: 'ನಿಮ್ಮ ಹೆಸರು?'

"ನೋಡಿ, ಇಲ್ಲಿ ಬ್ರೆಂಟ್ ಇಲ್ಲ!" ಐಲಾಳ ಹೆಸರನ್ನು ತಾನೇ ಒತ್ತಿದ.

"ಇಲ್ಲ. ಆಮೇಲೆ?"

"ಆಮೇಲೇನು, ನಿಮ್ಮ ಡಿಸೈನುಗಳು." ಮೊದಲ ದಿನವೇ ಅವಳ ಇಡೀ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದ್ದ. ಪ್ರತಿ ಸಲದಂತೆ ಅದನ್ನು ಲ್ಯಾಪ್‌ಟಾಪಿಗೆ ಸುರಿದ.

"ಪ್ರತಿ ಸಲ ಇದಾದ ಮೇಲೆ ಮುಚ್ಚಿ ಕೊಟ್ಬಿಡ್ತೀರಿ. ಇವತ್ತು ಒಂದ್ಸಲ ತೆರೀರಿ," ಅಂದಳು ಐಲಾ, ಮೆಲ್ಲಗೆ.

ತೆರೆದ.

'ಮರಳಿ ಸ್ವಾಗತ, ಬ್ರೆಂಟ್!'

ಅವಳ ಕೈ ಇನ್ನೂ ಜೇಬಿನಲ್ಲೇ ಇತ್ತು. ಡೆಕ್ಲನ್ ಪರದೆ ನೋಡಿದ, ಪೆನ್‌ಡ್ರೈವ್ ನೋಡಿದ. ಕಿವಿಯ ತುದಿ ಕೆಂಪಾಯಿತು. ಡಿಸೈನುಗಳ ನಡುವೆ, ಬ್ರೆಂಟ್‌ನ ಹಳೇ ಲಾಗಿನ್ ಹೊತ್ತು ಅಡಗಿದ್ದ ಒಂದು ಪುಟಾಣಿ ಫೈಲು. ಬ್ರೆಂಟ್‌ನನ್ನು ಅವಳ ಮನೆಗೆ ಮತ್ತೆ ಮತ್ತೆ ಕಳಿಸಿದವನು ತಾನೇ.

"ನಿಂಗೆ ಗೊತ್ತಿತ್ತಾ?" ಬಹುವಚನ ಅದಾಗೇ ಕಳಚಿ ಬಿತ್ತು.

"ಹೋದ ಸಲ ಮನೇಲಿ ಕಣ್ಣಿಗೆ ಬಿತ್ತು."

"ನೀನೇ ಅಳಿಸ್ಬಹುದಿತ್ತಲ್ಲೇ!"

"ಅಳಿಸಿದ್ರೆ? ಏನು ನೆಪ ಹೇಳ್ಕೊಂಡು ಇಲ್ಲಿಗೆ ಬರ್ಲಿ, ಪೆದ್ದ?"

ಡೆಕ್ಲನ್ ಲ್ಯಾಪ್‌ಟಾಪನ್ನೂ ಪೆನ್‌ಡ್ರೈವನ್ನೂ ಅವಳ ಕಡೆ ದೂಡಿದ. "ನೀನೇ ಅಳಿಸು. ಎರಡರಲ್ಲೂ."

ಐಲಾ ಜೇಬಿನಿಂದ ಕೈ ತೆಗೆದು ಒತ್ತಿದಳು. ಎರಡು ಸಲ, ಒಂದಿಷ್ಟೂ ತಡವರಿಸದೆ. ತೆರೆದು ನೋಡಿದರೆ ಪರದೆ ಬರೀ ಹೆಸರು ಕೇಳಿಕೊಂಡು ಕೂತಿತ್ತು.

"ಈಗ ನೆಪ?" ಅಂದ.

"ನನ್ನ ಹತ್ರ ಮುಗೀತು. ನೀನು ಹುಡುಕು."

ಡೆಕ್ಲನ್ ಲ್ಯಾಪ್‌ಟಾಪನ್ನು ಅವಳ ಬ್ಯಾಗಿಗೆ ಹಾಕಿದ. ಚಾರ್ಜರನ್ನು ಮಾತ್ರ ಸದ್ದಿಲ್ಲದೆ ತನ್ನ ಡ್ರಾಯರಿಗೆ ಇಳಿಬಿಟ್ಟ.

ಐಲಾ ನೋಡಿದಳು. ನೋಡದವಳ ಹಾಗೆ ಬಾಗಿಲು ತೆರೆದು, ಹಿಮಕ್ಕೆ ಕಾಲಿಡುತ್ತಾ ಅಂದಳು, "ಬ್ಯಾಟರಿ ಬೇಗ ಇಳಿಯುತ್ತೆ ಕಣೋ."