ಕೊಡದ ತಳದ ಬಿಲ್ಲೆಗಳು

ಏಳನೆಯ ಬಿಲ್ಲೆಯೂ ಹೊರಬಂತು. ಅದೂ ಇಂಗ್ಲಿಷ್ ವಿಭಾಗದ್ದೇ!

ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಜಯಲತಾ ಬೆರಳು ಮಡಿಸಿ ಎಣಿಸಿದಳು. ಏಳಕ್ಕೆ ಏಳು. ಕನ್ನಡ ವಿಭಾಗದ ಒಬ್ಬರೂ ಇಲ್ಲವೆ?

ಮುಂಬಯಿ ಬಳಿಯ ಡೊಂಬಿವಲಿಯ ಆ ಶಾಲೆಯಲ್ಲಿ ಏಳು ಮಂದಿಯ ಪಾಲಕ ಸಮಿತಿಗೆ ಚುನಾವಣೆಯಿಲ್ಲ. ಅದೃಷ್ಟದ ಚೀಟಿ ಎತ್ತುವಂತೆ ಎತ್ತಿ ಆರಿಸುತ್ತಾರೆ. ಶಾಲೆ ಕಟ್ಟಿದವರು ಉಡುಪಿ ಕಡೆಯ ಹೋಟೆಲಿನವರಾದ್ದರಿಂದ, ಚೀಟಿಯ ಬದಲು ಹಳೆಯ ಹೋಟೆಲಿನ ಬಿಲ್ಲೆಗಳು—ನಂಬರು ಒತ್ತಿದ ಹಿತ್ತಾಳೆಯವು. ಮನೆಗೊಂದು. ಪಾಲಕರು ತಾವೇ ಅದನ್ನು ತಾಮ್ರದ ಕೊಡದೊಳಗೆ ಹಾಕಬೇಕು. ನಿವೃತ್ತ ಶಿಕ್ಷಕಿ ಊರ್ಮಿಳಾ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎತ್ತುತ್ತಾರೆ.

ಈ ವರ್ಷ ಆ ಏಳು ಮಂದಿಯ ಮುಂದೆ ಒಂದು ದೊಡ್ಡ ಪ್ರಶ್ನೆಯಿತ್ತು. ಜೂನ್‌ನಿಂದ ಕನ್ನಡ ಮಾಧ್ಯಮ ಇರಬೇಕೆ, ಮುಚ್ಚಬೇಕೆ?

ಜಯಲತಾ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಆದರೂ ಮೂರನೇ ತರಗತಿಯ ಮಗಳು ಅನುಷ್ಕಾಳ ಪಾಠವನ್ನು ಓದಬಲ್ಲಳು, ತಪ್ಪಿದರೆ ತಿದ್ದಬಲ್ಲಳು. ಮಾಧ್ಯಮ ಬದಲಾದ ದಿನ ಆ ಪುಸ್ತಕ ಅವಳ ಪಾಲಿಗೆ ಮುಚ್ಚಿದಂತೆಯೇ.

"ಟೀಚರ ಕಣ್ಣಿನ ಬಟ್ಟೆ ಸಡಿಲ ಇತ್ತು!" ಯಾರೋ ಕೂಗಿದರು.

"ಕೊಡ ಯಾರದ್ದು? ಸೆಕ್ರೆಟರಿದೇ ಅಲ್ವಾ?"

ಸೆಕ್ರೆಟರಿ ರಂಜನ್ ಶೆಟ್ಟಿ ಕೊಡವನ್ನು ಸ್ಟೂಲಿನಿಂದೆತ್ತಿ ಪಕ್ಕದ ಮೇಜಿನ ಮೇಲೆ ಮಗುಚಿದರು. ಉಳಿದ ಬಿಲ್ಲೆಗಳೆಲ್ಲ ಜಣಜಣ ಉದುರಿದವು. ಲೆಕ್ಕ ಸರಿಯಾಗಿತ್ತು. "ನೋಡಿ ಮಾರಾಯ್ರೆ, ಒಂದೂ ಕಾಣೆಯಾಗಿಲ್ಲ. ಇನ್ನೇನು ಬೇಕು?"

ಕನ್ನಡ ವಿಭಾಗದ ಮುಖ್ಯೋಪಾಧ್ಯಾಯ ವಸಂತಕುಮಾರ ಕೈಮುಗಿದರು. ಕಣ್ಣು ಒದ್ದೆಯಾಗಿತ್ತು. "ಯಾರನ್ನೂ ದೂರಬೇಡಿ. ದೇವರ ಇಚ್ಛೆ." ಸಂಶಯ ಬರಬಾರದೆಂದು ಮೊದಲೇ ಊರ್ಮಿಳಾ ಟೀಚರ ಕೈಗಡಿಯಾರ ಬಿಚ್ಚಿಸಿ ಮೇಜಿನ ಮೇಲಿಟ್ಟವರೂ ಅವರೇ. ಈಗ ಅದನ್ನು ತಾವೇ ಅವರ ಕೈಗೆ ಕಟ್ಟಿದರು. ಕೈಯಲ್ಲೇ ಇದ್ದ ಬಳೆಗಳ ಪಕ್ಕಕ್ಕೆ ಟೀಚರು ಅದನ್ನು ಸರಿಸಿಕೊಂಡರು.

ಮರುದಿನ ಜಯಲತಾಳ ಮನೆಯ ಬಾಗಿಲು ತಟ್ಟಿದವಳು ನಳಿನಿ. ಮೈಸೂರಿನವಳು. ಬೇಲಾಪುರದ ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವುದೇ ಅವಳ ಕೆಲಸ. ಮಗ ಇಂಗ್ಲಿಷ್ ವಿಭಾಗದಲ್ಲಿದ್ದ; ಅವಳ ಬಿಲ್ಲೆಯೂ ಏಳರಲ್ಲಿ ಒಂದು.

"ನಿಮ್ಮದು ಬಂತಲ್ಲ ಅಕ್ಕ, ಮತ್ತೆ ಇಲ್ಲಿಗ್ಯಾಕೆ?" ಜಯಲತಾ ಮೆಲ್ಲಗೆ ಕೇಳಿದಳು.

"ಬಂತು ಅಂತಾನೇ ನಿದ್ದೆ ಬರ್ಲಿಲ್ಲ. ನಿಮ್ಮ ಬಿಲ್ಲೆ ವಾಪಸ್ ಕೊಟ್ರಾ? ತೋರಿಸಿ."

ಜಯಲತಾ ಡಬ್ಬಿಯಿಂದ ತೆಗೆದುಕೊಟ್ಟಳು. ಫಳಫಳ ಹೊಳೆಯುತ್ತಿತ್ತು.

"ಹೊಸದಾ ಇದು?"

"ನಮ್ಮ ವಿಭಾಗಕ್ಕೆಲ್ಲ ಈ ಸಲ ಹೊಸತು. ಹಳೆಯದು ಸಾಕಾಗ್ಲಿಲ್ಲಂತೆ. ನಮಗೆ ಹೊಸದು ಸಿಕ್ಕಿತು ಅಂತ ಖುಷಿಯೇ ಆಗಿತ್ತು ಅಕ್ಕ."

ನಳಿನಿ ಬಿಲ್ಲೆಯನ್ನು ತನ್ನ ಪರ್ಸಿನ ಪಕ್ಕದಲ್ಲಿಟ್ಟಳು. ಟಕ್!—ಬಿಲ್ಲೆ ಹಾರಿ ಪರ್ಸಿನ ಬಾಯಿಗೆ ಅಂಟಿಕೊಂಡಿತು. ಅಲ್ಲಿ ಮುಚ್ಚಳಕ್ಕೆ ಆಯಸ್ಕಾಂತದ ಗುಂಡಿಯಿತ್ತು. ನಳಿನಿ ತನ್ನ ಹಳೆಯ ಬಿಲ್ಲೆಯನ್ನೂ ಹಿಡಿದು ನೋಡಿದಳು. ಅದು ಮಿಸುಕಲಿಲ್ಲ.

"ಹಿತ್ತಾಳೆ ಅಂಟಲ್ಲ ಜಯಾ. ನಿಮ್ಮದು ಕಬ್ಬಿಣ. ಮೇಲೆ ಬರೀ ಲೇಪ." ಅವಳ ದನಿ ತಗ್ಗಿತು. "ಕೊಡದ ಕೆಳಗೆ ಏನಿತ್ತು?"

ಜಯಲತಾ ಕಣ್ಣುಮುಚ್ಚಿ ನೆನಪಿಸಿಕೊಂಡಳು. "ಸಿಂಬೆ. ಕೆಂಪು ಬಟ್ಟೆ ಸುತ್ತಿದ್ದು. ಹೋದ ವರ್ಷದ ಫೋಟೋದಲ್ಲಿ ಹಿತ್ತಾಳೆಯ ಸ್ಟ್ಯಾಂಡ್ ಇತ್ತಲ್ಲ? ಅದು ಕಾಣ್ಲಿಲ್ಲ."

"ಬನ್ನಿ ನನ್ನ ಜೊತೆ."

"ನಾನಾ? ದೊಡ್ಡವರ ಮುಂದೆ ನಾನು ಏನು ಮಾತಾಡ್ಲಿ?"

"ಮಾತಾಡೋದು ಬೇಡ. ನೋಡ್ತಾ ಇರಿ."

ಶಾಲೆಯ ಗುಮಾಸ್ತ ಸಿದ್ರಾಮ ಕಲಬುರ್ಗಿಯವನು. ಹೊಸ ಬಿಲ್ಲೆ ಎಲ್ಲಿಂದ ಬಂತು ಎಂದು ಕೇಳುತ್ತಲೇ ಸಿಡುಕಿದ. "ನನ್ನ ಯಾಕ ಕೇಳ್ತೀರಿ ಮೇಡಂ? ಎಂಐಡಿಸಿ ಫ್ಯಾಕ್ಟರಿ ಏರಿಯಾದಾಗಿನ ವರ್ಕ್‌ಶಾಪಿಗೆ ಹೋಗಂದ್ರು, ಹೋದೆ. ಪ್ಯಾಕೆಟ್ ಕೊಟ್ರು, ತಂದೆ. ಒಳಗ ಬಂಗಾರ ಐತೋ ಕಬ್ಬಿಣ ಐತೋ, ನನಗೇನ್ ಗೊತ್ತು?"

"ಹಂಚಿದ್ದು?"

"ನಾ ಅಲ್ರಿ. ವರ್ಗಕ್ಕ ಹೋಗಿ ಸರ್ ಮಂದಿನ ಹಂಚ್ಯಾರ."

ರಂಜನ್ ಶೆಟ್ಟಿ ಮುಚ್ಚುಮರೆ ಮಾಡಲಿಲ್ಲ. "ಕನ್ನಡ ವಿಭಾಗ ನಡೆಸುವುದು ಕಷ್ಟ ಅಂತ ನಾನು ಮೈಕಿನಲ್ಲೇ ಹೇಳಿದವ. ಎದುರೇ ಹೇಳಿದ ಮೇಲೆ ಕಳ್ಳದಾರಿ ನನಗೆ ಯಾಕೆ? ಹಿತ್ತಾಳೆಯದ್ದೇ ಮಾಡಿಸಿ ಅಂತ ಶಾಲೆಗೆ ಹೇಳಿದ್ದೆ. ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ."

ಊರ್ಮಿಳಾ ಟೀಚರು ಬಾಗಿಲು ತೆರೆಯಲೇ ಹಿಂಜರಿದರು. ಹಿಂದಿನ ದಿನದ ಕೂಗು ಅವರ ಕಿವಿಯಲ್ಲಿನ್ನೂ ಇತ್ತು.

"ಟೀಚರ್, ಕೊಡದೊಳಗೆ ಕೈಗೆ ಏನು ತಾಗ್ತು?" ನಳಿನಿ ಕೇಳಿದಳು.

ಟೀಚರು ತಮ್ಮ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡರು. "ತಳದಲ್ಲಿ ಬಿಲ್ಲೆಗಳಿದ್ದವು. ಎಳೆದರೂ ಬರ್ತಿರ್ಲಿಲ್ಲ. ಶುಗರ್ ಬಂದಮೇಲೆ ನನ್ನ ಬೆರಳು ಜೋಮು ಹಿಡೀತವೆ. ಬೆರಳೇ ಸೋತವು ಅಂದ್ಕೊಂಡೆ. ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ ಮಗಳೇ? ಸಡಿಲವಾಗಿ ಸಿಕ್ಕಿದ್ದನ್ನು ಎತ್ತಿದೆ."

ನಳಿನಿಯ ಕಣ್ಣು ಅವರ ಮಣಿಕಟ್ಟಿನ ಮೇಲಿತ್ತು. "ಕೀಲಿ ಕೊಡೋ ಗಡಿಯಾರ ಅಲ್ವಾ?"

"ನಮ್ಮವರು ಕೊಟ್ಟದ್ದು. ಅವರು ಹೋದಮೇಲೂ ಇದೊಂದು ನಿಂತಿಲ್ಲ."

ಹೊರಗೆ ಬಂದಾಗ ನಳಿನಿಯ ಮುಖ ಗಂಭೀರವಾಗಿತ್ತು. "ಯಾರು ಅಂತ ಗೊತ್ತಾಯ್ತು ಜಯಾ. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು."

ಸಂಜೆ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ನಳಿನಿ ನಿಂತೇ ಮಾತಾಡಿದಳು.

"ಕನ್ನಡ ವಿಭಾಗದ ಬಿಲ್ಲೆಗಳು ಕಬ್ಬಿಣದವು. ಸಿಂಬೆಯೊಳಗೆ ಆಯಸ್ಕಾಂತ. ಕೊಡ ಸಿಂಬೆ ಮೇಲಿರೋವರೆಗೂ ಅವು ತಳ ಬಿಡಲಿಲ್ಲ. ಎತ್ತಿ ಮಗುಚಿದ ತಕ್ಷಣ ಉದುರಿದವು. ಅದಕ್ಕೇ ಲೆಕ್ಕ ಸರಿಹೋಯ್ತು."

"ಸರಿ, ಮಾಡಿದ್ದು ಯಾರು?" ರಂಜನ್ ಶೆಟ್ಟಿ ಮುಂದಕ್ಕೆ ಬಾಗಿದರು.

"ನಾವೆಲ್ಲ ಒಂದು ವಿಷಯ ನೋಡಿದ್ವಿ, ಯೋಚನೆ ಮಾಡ್ಲಿಲ್ಲ. ಟೀಚರ ಗಡಿಯಾರ ಬಿಚ್ಚಿಸಿದ್ದು ಯಾಕೆ? ಮೋಸದ ಭಯ ಇದ್ದಿದ್ರೆ ಬಳೆ ಬಿಚ್ಚಿಸಬೇಕಿತ್ತು, ತೋಳು ನೋಡಬೇಕಿತ್ತು. ಯಾವುದೂ ಮಾಡ್ಲಿಲ್ಲ. ಬರೀ ಗಡಿಯಾರ! ಆಯಸ್ಕಾಂತದ ಹತ್ತಿರ ಹೋದರೆ ಕೀಲಿ ಗಡಿಯಾರ ಕೆಡುತ್ತೆ. ಅದು ಟೀಚರಿಗೆ ಎಷ್ಟು ದೊಡ್ಡದು ಅನ್ನೋದೂ ಆ ಮನುಷ್ಯನಿಗೆ ಗೊತ್ತಿತ್ತು. ಕೊಡದ ಕೆಳಗೆ ಏನಿದೆ ಅಂತ ಗೊತ್ತಿದ್ದವರು ಮಾತ್ರ ಅದನ್ನು ಉಳಿಸೋಕೆ ಸಾಧ್ಯ." ನಳಿನಿ ತಿರುಗಿದಳು. "ವಸಂತಕುಮಾರ್ ಸರ್, ನೀವು ಕೆಟ್ಟವರಾಗಿದ್ದಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ."

ವಸಂತಕುಮಾರ ಎದ್ದು, ವಿಜ್ಞಾನದ ಸಾಮಾನಿನ ಕಪಾಟು ತೆರೆದು, ಕೆಂಪು ಸಿಂಬೆಯನ್ನು ಮೇಜಿನ ಮೇಲಿಟ್ಟರು. ಬಟ್ಟೆ ಬಿಚ್ಚಿದರೆ ಒಳಗೆ ಹಳೆಯ ಧ್ವನಿವರ್ಧಕದ ದುಂಡನೆಯ ಆಯಸ್ಕಾಂತ.

"ಸರ್, ನೀವಾ?" ಜಯಲತಾ ಎದ್ದು ನಿಂತಳು. "ಕನ್ನಡ ಕನ್ನಡ ಅಂತ ಮನೆಮನೆಗೆ ಬಂದವರು ನೀವೇ ಅಲ್ವಾ?"

"ಬಂದೆನಮ್ಮ. ಪ್ರತಿ ಬೇಸಿಗೆಯಲ್ಲೂ ಬಂದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಪಾಲಕ ಸಭೆ ಕರೆದರೆ ಖಾಲಿ ಬೆಂಚುಗಳಿಗೆ ಭಾಷಣ ಮಾಡಿದೆ." ಅವರು ಆಯಸ್ಕಾಂತಕ್ಕೆ ಮತ್ತೆ ಬಟ್ಟೆ ಸುತ್ತತೊಡಗಿದರು. "ಇನ್ನು ಆಗಲ್ಲ ಅನ್ನಿಸಿತು. ಮುಚ್ಚಿ ಅಂತ ನನ್ನ ಬಾಯಿಂದ ಹೇಳಲು ಆಗಲಿಲ್ಲ. ದೇವರೇ ಮುಚ್ಚಿದ ಅಂತ ಆಗಲಿ ಅಂದುಕೊಂಡೆ. ನೀವು ಎಷ್ಟು ಸಭೆಗೆ ಬಂದಿದ್ದಿರಿ, ಹೇಳಿ?"

ಜಯಲತಾ ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು.

"ಬರ್ಲಿಲ್ಲ ಸರ್. ಮಾತಾಡ್ಲಿಕ್ಕೆ ಬರುವುದಿಲ್ಲ ಅಂತ ಬರ್ಲಿಲ್ಲ. ಆದರೆ ಈ ಸಲ ಬಂದಿದ್ದೆ. ಬಂದ ದಿನವೇ ನನ್ನನ್ನು ತಳದಲ್ಲಿ ಹಿಡಿದಿಟ್ಟಿರಿ."

ವಸಂತಕುಮಾರ ಕೈಮುಗಿದರು. ಊರ್ಮಿಳಾ ಟೀಚರು ಅವರತ್ತ ನೋಡಲೂ ಇಲ್ಲ.

ಮುಂದಿನ ವಾರ ವಸಂತಕುಮಾರ ಪಾಲಕರೆಲ್ಲರ ಎದುರು ನಿಂತು, ಮಾಡಿದ್ದನ್ನು ಹೇಳಿ, ರಾಜೀನಾಮೆ ಕೊಟ್ಟು ಹೊರನಡೆದರು. ಸಿಂಬೆಯಿಲ್ಲದ ಕೊಡದಿಂದ ಬಿಲ್ಲೆಗಳನ್ನು ಮತ್ತೆ ಎತ್ತಲಾಯಿತು. ಕನ್ನಡ ವಿಭಾಗದ ಇಬ್ಬರು ಬಂದರು. ನಳಿನಿ ಮತ್ತೆ ಬಂದಳು. ಜಯಲತಾಳ ಬಿಲ್ಲೆ ಬರಲಿಲ್ಲ.

ಸಮಿತಿ ಅಲ್ಲೇ ಕುಳಿತು ಪ್ರಶ್ನೆಯನ್ನು ಎತ್ತಿಕೊಂಡಿತು. "ಪಾಲಕರಲ್ಲಿ ಯಾರಾದರೂ ಮಾತಾಡುವವರಿದ್ದೀರಾ?" ರಂಜನ್ ಶೆಟ್ಟಿ ಕೇಳಿದರು.

ಹಿಂದಿನ ಸಾಲಿನಿಂದ ಜಯಲತಾ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಾನು ಹೆಚ್ಚು ಓದಿದವಳಲ್ಲ. ಆದರೆ ನನ್ನ ಮಗಳು ಇವತ್ತು ಏನು ಕಲಿತಳು ಅಂತ ನನಗೆ ಗೊತ್ತು, ಯಾಕೆಂದರೆ ಅವಳ ಪುಸ್ತಕ ನನಗೆ ಓದಲು ಬರುತ್ತದೆ. ಒಂದು ವರ್ಷ ಕೊಡಿ. ಮಕ್ಕಳನ್ನು ಸೇರಿಸಲು ಮನೆಮನೆಗೆ ನಾವು ಹೋಗ್ತೇವೆ. ಸಭೆಗೂ ಬರ್ತೇವೆ."

ಒಂದು ವರ್ಷ ಕೊಡಬೇಕೆನ್ನುವವರು ಕೈ ಎತ್ತಿ ಎಂದರು ಶೆಟ್ಟಿ. ನಳಿನಿಯ ಕೈ ಮೊದಲು ಎದ್ದಿತು. ಕನ್ನಡ ವಿಭಾಗದ ಇಬ್ಬರದೂ ಎದ್ದಿತು. ಏಳರಲ್ಲಿ ಬಹುಮತಕ್ಕೆ ಇನ್ನೂ ಒಂದು ಬೇಕಿತ್ತು. ಇಂಗ್ಲಿಷ್ ವಿಭಾಗದ ತರುಣ ತಂದೆಯೊಬ್ಬ ಪಕ್ಕದವರನ್ನು ನೋಡಿದ, ನೆಲ ನೋಡಿದ, ಜಯಲತಾಳನ್ನು ನೋಡಿದ.

ಆ ನಾಲ್ಕನೆಯ ಕೈ ಏಳಲು ಬಹಳ ಹೊತ್ತು ಹಿಡಿಯಿತು. ಎದ್ದಿತು.